ತಗಡಿನ ಮೇಲೆ ಸುಣ್ಣ

ಡಿಗ್ರಿ ಮೊದಲ ವರ್ಷ, ಜೂನ್ 5ರ ಪರಿಸರ ದಿನಕ್ಕೆ ನಮ್ಮ ಕಾಲೇಜಿನ ಎನ್‌ಎಸ್‌ಎಸ್ ತಂಡ ನಲವತ್ತು ಬೇವಿನ ಸಸಿ ನೆಟ್ಟಿತು. ಫೋಟೊ ಚೆನ್ನಾಗಿ ಬಂದಿದ್ದವು. ಮರುವರ್ಷ ಮೇ ತಿಂಗಳಿಗೆ ಉಳಿದದ್ದು ಮೂರು, ಅವೂ ಕ್ಯಾಂಟೀನಿನವರು ತಟ್ಟೆ ತೊಳೆದ ನೀರು ಚೆಲ್ಲುವ ಮೂಲೆಯಲ್ಲಿ.

ಬೇಸಿಗೆಯಲ್ಲಿ ನಮ್ಮ ಕಲಬುರಗಿಯ ಸರಕಾರಿ ಕಚೇರಿಗಳು ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಮುಚ್ಚುತ್ತವೆ. ನೌಕರರು ಮನೆ ಸೇರುತ್ತಾರೆ, ಸರಿ. ಮನೆಯೇ ತಗಡಿನದಾದರೆ? ಕಾಲೇಜಿನ ಹಿಂದಿನ ಓಣಿಯಲ್ಲಿ ರೊಟ್ಟಿ ಬಡಿದು ಮಾರುವ ಅಕ್ಕ ಒಬ್ಬರಿದ್ದಾರೆ. "ಹೊರಗ ನಿಂತು ಏನ್ ಕೇಳ್ತಿ ತಮ್ಮಾ, ಒಳಗ ಬಂದು ನಿಂದ್ರು, ತಿಳೀತದ" ಅಂದರು. ಗೋಡೆಗೆ ಥರ್ಮಾಮೀಟರ್ ತೂಗುಹಾಕಿದೆವು. ಮೂರು ಗಂಟೆಗೆ ಒಳಗೆ 43 ಡಿಗ್ರಿ, ಹೊರಗೆ ಬೇವಿನ ನೆರಳಲ್ಲಿ 41.

2010ರ ಬಿಸಿಗಾಳಿಗೆ ಬೆಂದ ಅಹಮದಾಬಾದಿನವರು 2013ರಲ್ಲಿ ಹೀಟ್ ಆಕ್ಷನ್ ಪ್ಲಾನ್, ಅಂದರೆ ಬಿಸಿಲ ಝಳದಿಂದ ಜನರನ್ನು ಕಾಯುವ ಯೋಜನೆ, ಮಾಡಿಕೊಂಡರು, 2017ರಲ್ಲಿ ಬಡವರ ಮನೆಗಳ ಮಾಳಿಗೆಗೆ ಬಿಳಿ ಸುಣ್ಣ ಬಳಿಯತೊಡಗಿದರು. ಬಿಳಿ ಮೈ ಬಿಸಿಲನ್ನು ವಾಪಸ್ ಕಳಿಸುತ್ತದೆ, ತಗಡು ಕಾಯುವುದೇ ಕಡಿಮೆ. ಇದಕ್ಕೆ ನಮ್ಮ ಪಾಕೆಟ್ ಮನಿ ಸಾಕು ಅನ್ನಿಸಿತು.

ಸಾಕಾಗಲಿಲ್ಲ, ಯಾಕೆಂದರೆ ಎಲ್ಲವನ್ನೂ ಎರಡೆರಡು ಸಲ ಮಾಡಿದೆವು. ಸುಣ್ಣದ ಹರಳನ್ನು ಪ್ಲಾಸ್ಟಿಕ್ ಬಕೆಟ್ಟಿಗೆ ಹಾಕಿ ನೀರು ಸುರಿದೆವು. ಕೊತಕೊತ ಕುದ್ದು ಬಕೆಟ್ಟಿನ ತಳವೇ ಸೊಟ್ಟಗಾಯಿತು. ಕಬ್ಬಿಣದ ಡ್ರಮ್ಮು ಬೇಕು, ರಾತ್ರಿಯಿಡೀ ನೆನೆಯಬೇಕು, ಸೋಸಬೇಕು. ಕಣ್ಣಿಗೆ ಕನ್ನಡಕ ಇಲ್ಲದವರನ್ನು ಡ್ರಮ್ಮಿನ ಹತ್ತಿರ ಬಿಡಬಾರದು, ಸುಣ್ಣ ಸಿಡಿದರೆ ಕಣ್ಣೇ ಹೋದೀತು. ಮೊದಲ ಸಲ ಬರೀ ಸುಣ್ಣ ಬಳಿದಿದ್ದೆವು, ಏಪ್ರಿಲ್‌ನ ಒಂದು ಗಾಳಿಮಳೆಗೆ ಅಷ್ಟೂ ಅಂಗಳಕ್ಕೆ ಇಳಿಯಿತು. ಎರಡನೇ ಸಲ ತಗಡಿನ ಧೂಳು, ತುಕ್ಕು ಉಜ್ಜಿ ತೊಳೆದು, ಸುಣ್ಣಕ್ಕೆ ಫೆವಿಕಾಲ್ ಕಲಸಿ ಎರಡು ಕೈ ಬಳಿದೆವು. ಕೆಲಸ ಬೆಳಿಗ್ಗೆ ಎಂಟರೊಳಗೆ ಮುಗಿಯಬೇಕು, ಆಮೇಲೆ ತಗಡು ಮುಟ್ಟಲಾಗದು. ತಗಡಿನ ಮೇಲೆ ಯಾರೂ ಹತ್ತಲಿಲ್ಲ, ಏಣಿಯ ಮೇಲೆ ನಿಂತು ಬಿದಿರಿಗೆ ಕಟ್ಟಿದ ಬ್ರಷ್ಷಿನಿಂದಲೇ ಎಲ್ಲ.

ಹನ್ನೊಂದು ಮನೆ ಆದವು. ಪಕ್ಕದ, ಸುಣ್ಣ ಬಳಿಯದ ಮನೆಯೊಳಗಿಗಿಂತ ಅಕ್ಕನ ಮನೆಯಲ್ಲಿ ಮೂರು ಡಿಗ್ರಿ ಕಡಿಮೆ ಬಂತು. ಮೂರೇನಾ ಅಂತ ನಾವು ಮುಖ ಸಣ್ಣ ಮಾಡಿಕೊಂಡೆವು. ಅಕ್ಕನ ಲೆಕ್ಕವೇ ಬೇರೆ: "ಮುಂಜಾನಿ ಮಾಡಿದ ತೊಗರಿ ಬ್ಯಾಳಿ ಸಂಜಿತನಕ ಹಳಸಿಲ್ಲ ನೋಡು."

ಇದರಿಂದ ಕಾರ್ಬನ್ ಎಷ್ಟು ಕಡಿಮೆಯಾಯಿತು ಅಂತ ಕ್ಲಾಸಿನಲ್ಲಿ ಒಬ್ಬ ಕೇಳಿದ. ಹೆಚ್ಚೇನಿಲ್ಲ ಅಂತಲೇ ಹೇಳಿದೆ. ಆ ಓಣಿಯವರಿಗೆ ಕಾರೂ ಇಲ್ಲ, ಏಸಿಯೂ ಇಲ್ಲ. ಉಳಿದವರು ಹಚ್ಚಿದ ಬೆಂಕಿಯ ಝಳ ಮಾತ್ರ ಅವರ ಪಾಲಿಗೆ. ಕಾರ್ಬನ್ ಲೆಕ್ಕ ಕೇಳಬೇಕಾದ್ದು ನಮ್ಮ ಕಾಲೇಜಿನದು. ಹಗಲೆಲ್ಲ ಲೈಟು ಉರಿಯುವ ಖಾಲಿ ಹಾಲ್‌ಗಳ ಪಟ್ಟಿಯನ್ನು ಅವನಿಗೇ ವಹಿಸಿದ್ದೇವೆ.

ಥರ್ಮಾಮೀಟರ್ ಇನ್ನೂ ಅಕ್ಕನ ಮನೆಯಲ್ಲೇ ಇದೆ. ಏಳನೇ ತರಗತಿಯ ಮಗಳು ಮೂರು ಗಂಟೆಯ ಅಂಕಿಯನ್ನು ಗಣಿತದ ನೋಟ್‌ಬುಕ್ಕಿನ ಹಿಂದೆ ಬರೆದಿಡುತ್ತಾಳೆ. ಮೊನ್ನೆ ತಿರುವಿ ನೋಡಿದರೆ ನಡುವೆ ನಾಲ್ಕು ದಿನ ಖಾಲಿ. ಶರಣಬಸವೇಶ್ವರ ಅಪ್ಪನ ಜಾತ್ರೆಗೆ ನೆಂಟರು ಬಂದಿದ್ದರಂತೆ.