ವರ್ಷಕ್ಕಿಂತ ಮೊದಲೇ ಮುಗಿದ ಪುಟ

ಜಿಲ್ಲಾ ಮಟ್ಟದ ದಿನಪತ್ರಿಕೆಯೊಂದರಲ್ಲಿ ನಾನು ಉಪಸಂಪಾದಕನಾಗಿದ್ದಾಗ ವರ್ಷದ ಕೊನೆಯ 'ಹಿನ್ನೋಟ' ನನ್ನ ಪಾಲಿಗೇ ಬರುತ್ತಿತ್ತು. ದೇಶದಲ್ಲಿ ಆ ವರ್ಷ ಏನೇನಾಯಿತು, ಯಾರ‍್ಯಾರು ತೀರಿಕೊಂಡರು, ಎಲ್ಲವೂ ಎರಡು ಪುಟದಲ್ಲಿ. ಡೆಸ್ಕಿನಲ್ಲಿ ಯಾರಿಗೂ ಬೇಡದ ಕೆಲಸ. 2003ರ ಡಿಸೆಂಬರ್‌ನಲ್ಲಿ ಹಳೆ ಪತ್ರಿಕೆಗಳ ಕಟ್ಟು ಬಿಚ್ಚಿ ಕೂತು, ದೂಳು ಕುಡಿದು, ವಾರಗಟ್ಟಲೆ ಸೀನಿದ್ದೆ. ಹಾಗಾಗಿ 2004ಕ್ಕೆ ಜನವರಿ ಒಂದರಂದೇ ಒಂದು ಲಾಂಗ್ ನೋಟ್‌ಬುಕ್ ತಂದಿಟ್ಟೆ. ಎಡಗಡೆ ಪುಟ ಘಟನೆಗೆ, ಬಲಗಡೆ ಪುಟ ಸಾವಿಗೆ. ಖಚಿತವಾದದ್ದು ಪೆನ್ನಿನಲ್ಲಿ, ಆಗದೇ ಇದ್ದದ್ದು ಪೆನ್ಸಿಲ್‌ನಲ್ಲಿ.

ಬಲಗಡೆಯ ಮೊದಲ ಹೆಸರು ರಾಮಕೃಷ್ಣ ಹೆಗಡೆ, ಜನವರಿ 12. ಅಲ್ಲೇ ಎಡವಿದೆ. ನಮ್ಮ ಪತ್ರಿಕೆಯಲ್ಲಿ ಸುದ್ದಿ ಬಂದದ್ದು 13ರಂದು, ನಾನು ಅದೇ ತಾರೀಕು ಬರೆದುಕೊಂಡಿದ್ದೆ. ಪತ್ರಿಕೆಯ ತಾರೀಕು ಬೇರೆ, ಸಾವಿನ ತಾರೀಕು ಬೇರೆ. ಸಣ್ಣ ವಿಷಯ ಅನಿಸುತ್ತೆ, ಆದರೆ ಇಂಥ ಪಟ್ಟಿಗಳಲ್ಲಿ ಜಾಸ್ತಿ ತಪ್ಪಾಗುವುದೇ ಇಲ್ಲಿ. ಆಮೇಲೆ ಕಟಿಂಗ್ ನೋಡಿ ಬರೆಯುವುದನ್ನು ಬಿಟ್ಟು, ಏಜೆನ್ಸಿ ಸುದ್ದಿಯ ಮೇಲಿನ ತಾರೀಕು ನೋಡಿ ಬರೆಯಲು ಶುರುಮಾಡಿದೆ.

ವಯಸ್ಸಿನದು ಇನ್ನೊಂದು ತಲೆನೋವು. ಏಪ್ರಿಲ್ 17ರಂದು ಜಕ್ಕೂರಿನಿಂದ ಹಾರಿದ ಪುಟ್ಟ ವಿಮಾನ ಬಿದ್ದು ನಟಿ ಸೌಂದರ್ಯ ಹೋದರು. ಚುನಾವಣಾ ಪ್ರಚಾರಕ್ಕೆ ಕರೀಂನಗರಕ್ಕೆ ಹೊರಟಿದ್ದರು, ಅಣ್ಣ ಅಮರನಾಥ್ ಕೂಡ ಜೊತೆಗಿದ್ದರು. ನನ್ನ ಕೈಗೆ ಸಿಕ್ಕ ಒಂದೊಂದು ಕಾಗದದಲ್ಲಿ ಒಂದೊಂದು ವಯಸ್ಸು. ಪೆನ್ಸಿಲ್‌ನಲ್ಲಿ ಬರೆದೆ, ಅಳಿಸಿದೆ, ಕೊನೆಗೆ ವಯಸ್ಸೇ ಇಲ್ಲದೆ ಹಾಕಿದೆ. ಯಾರೂ ಕೇಳಲಿಲ್ಲ.

ಎಡಗಡೆ ಪುಟ ಬೇಗ ಬೇಗ ತುಂಬುತ್ತಿತ್ತು. ಮೇ 13ರಂದು ಲೋಕಸಭೆ, ನಮ್ಮ ವಿಧಾನಸಭೆ ಎರಡರದ್ದೂ ಫಲಿತಾಂಶ. 22ಕ್ಕೆ ಮನಮೋಹನ್ ಸಿಂಗ್ ಪ್ರಧಾನಿ, 28ಕ್ಕೆ ಇಲ್ಲಿ ಧರ್ಮಸಿಂಗ್ ಮುಖ್ಯಮಂತ್ರಿ. ಇದೆಲ್ಲ ಸುಲಭ. ಜುಲೈ 16ರ ಕುಂಭಕೋಣಂ ಸುಲಭ ಇರಲಿಲ್ಲ. ಶಾಲೆಗೆ ಬೆಂಕಿ ಬಿದ್ದು ಸತ್ತ ಮಕ್ಕಳ ಸಂಖ್ಯೆ ದಿನದಿನಕ್ಕೆ ಏರುತ್ತಿತ್ತು. ಪೆನ್ಸಿಲ್ ಅಳಿಸಿ ಅಳಿಸಿ ಕಾಗದ ತೆಳ್ಳಗಾಯಿತು. 94ಕ್ಕೆ ನಿಂತ ಮೇಲೆ ಪೆನ್ನು ಹಿಡಿದೆ.

ಆ ವರ್ಷ ನಾವು ಜಗಳವಾಡಿದ್ದು ಮಾತ್ರ ವೀರಪ್ಪನ್ ವಿಷಯಕ್ಕೆ. ಅಕ್ಟೋಬರ್ 18ರ ರಾತ್ರಿ ಧರ್ಮಪುರಿ ಹತ್ತಿರದ ಪಾಪಾರಪಟ್ಟಿಯಲ್ಲಿ, ಆಂಬುಲೆನ್ಸ್‌ನಲ್ಲಿ ಹೋಗುತ್ತಿದ್ದವನನ್ನು ತಮಿಳುನಾಡು ಪೊಲೀಸರ ವಿಶೇಷ ಕಾರ್ಯಪಡೆ (ಎಸ್‌ಟಿಎಫ್) ಹೊಡೆದು ಹಾಕಿತು. ಸತ್ತಿದ್ದಾನೆ, ಹಾಗಾಗಿ ನಾನು ಬಲಗಡೆ ಬರೆದುಕೊಂಡಿದ್ದೆ. ಡಿಸೆಂಬರ್‌ನಲ್ಲಿ ಪುಟ ಕಟ್ಟುವ ಹುಡುಗ ಕಂಪ್ಯೂಟರ್ ಮುಂದಿನಿಂದ ಕೂಗಿದ: "ಸಾರ್, ವೀರಪ್ಪನ್ ಫೋಟೊ ಎಂ.ಎಸ್. ಸುಬ್ಬುಲಕ್ಷ್ಮಿ ಫೋಟೊ ಪಕ್ಕದಲ್ಲೇ ಬರ್ತಾ ಇದೆ. ಪರವಾಗಿಲ್ವಾ?"

ತಾರೀಕಿನ ಪ್ರಕಾರ ಜೋಡಿಸಿದರೆ ಹಾಗೇ ಬರುತ್ತಿತ್ತು. ಸುಬ್ಬುಲಕ್ಷ್ಮಿ ಹೋದದ್ದು ಡಿಸೆಂಬರ್ 11ಕ್ಕೆ, ನಡುವೆ ನನ್ನ ಹತ್ತಿರ ಬೇರೆ ಫೋಟೊ ಇರಲಿಲ್ಲ. ಮೇಲೆ ದಪ್ಪ ಅಕ್ಷರದಲ್ಲಿ 'ನಮ್ಮನ್ನು ಅಗಲಿದವರು' ಅಂತ ತಲೆಬರಹ ಬೇರೆ. ರಾಜ್‌ಕುಮಾರ್ ಅವರನ್ನು 108 ದಿನ ಕಾಡಿನಲ್ಲಿ ಇಟ್ಟುಕೊಂಡವನು ನಮ್ಮನ್ನು ಅಗಲಿದ ಅಂತ ಹೇಗೆ ಬರೆಯೋದು? ಒಬ್ಬರು ಸಾವು ಸಾವೇ ಅಂದರು, ಇನ್ನೊಬ್ಬರು ಹೆಸರೇ ತೆಗೆಯಿರಿ ಅಂದರು. ಕೊನೆಗೆ ಅವನನ್ನು ಎಡಗಡೆಗೆ, ಘಟನೆಗಳಿಗೆ ತಳ್ಳಿದೆ. ಅವತ್ತಿನಿಂದ ನನ್ನ ಲೆಕ್ಕ ಇಷ್ಟೇ: ಓದುವವರು ಅಯ್ಯೋ ಅಂದರೆ ಬಲಗಡೆ, ಅಬ್ಬ ಅಂದರೆ ಎಡಗಡೆ. ಶಾಸ್ತ್ರೀಯವಾಗಿ ಸರಿಯೋ ಇಲ್ವೋ ಗೊತ್ತಿಲ್ಲ, ಕೆಲಸ ನಡೆಯುತ್ತೆ.

ಹಿನ್ನೋಟ ಬರಬೇಕಿದ್ದದ್ದು ಡಿಸೆಂಬರ್ 26ರ ಭಾನುವಾರದ ಪುರವಣಿಯಲ್ಲಿ. ಪುರವಣಿ ಮೊದಲೇ ಅಚ್ಚಾಗುತ್ತೆ, ಗುರುವಾರ ಸಂಜೆಗೆ ಪುಟ ಬಿಡಬೇಕು. 18ರಂದು ವಡೋದರದಲ್ಲಿ ವಿಜಯ್ ಹಜಾರೆ ತೀರಿಕೊಂಡಾಗ ಜುಲೈನಲ್ಲಿ ಹೋಗಿದ್ದ ಹಿಂದಿ ಹಾಸ್ಯನಟ ಮಹಮೂದ್ ಬಗ್ಗೆ ಇದ್ದ ನಾಲ್ಕು ಸಾಲನ್ನು ಎರಡು ಮಾಡಿ ಜಾಗ ಹೊಂದಿಸಿದೆ. ಭಾರತ ಟೆಸ್ಟ್‌ನಲ್ಲಿ ಮೊದಲ ಸಲ ಗೆದ್ದಾಗ ನಾಯಕರಾಗಿದ್ದವರು, ಬಿಡೋಕಾಗುತ್ತಾ? 23ರ ಗುರುವಾರ ಮಧ್ಯಾಹ್ನ ಎಲ್ಲ ಮುಗಿಯಿತು ಅಂತ ಚಹಾ ತರಿಸಿದ್ದೆ. ದೆಹಲಿಯಿಂದ ಪಿ.ವಿ. ನರಸಿಂಹ ರಾವ್ ಇನ್ನಿಲ್ಲ ಅಂತ ಸುದ್ದಿ ಬಂತು. ಮಾಜಿ ಪ್ರಧಾನಿಯನ್ನು ಎರಡು ಸಾಲಿನಲ್ಲಿ ಮುಗಿಸುವ ಹಾಗಿಲ್ಲ. ಜಾಹೀರಾತು ವಿಭಾಗದವರ ಕಾಲು ಹಿಡಿದು ಒಂದು ಪುಟ್ಟ ಜಾಹೀರಾತು ತೆಗೆಸಿ, ಅವರನ್ನು ಕೂರಿಸಿ, ಪುಟ ಬಿಟ್ಟು ಮನೆಗೆ ಹೋದೆ. ಈ ಸಲ ಒಂದೂ ಬಿಟ್ಟುಹೋಗಿಲ್ಲ ಅಂತ ಸ್ವಲ್ಪ ಜಂಬವೂ ಇತ್ತು.

ಭಾನುವಾರ ಬೆಳಿಗ್ಗೆ ಜನ ಆ ಪುರವಣಿ ಓದುತ್ತಿದ್ದ ಹೊತ್ತಿಗೆ ಚೆನ್ನೈ, ಕಡಲೂರು, ನಾಗಪಟ್ಟಣದ ಮೇಲೆ ಸಮುದ್ರ ನುಗ್ಗಿತ್ತು. ರಜೆ ಇದ್ದ ನನ್ನನ್ನೂ ಆಫೀಸಿಗೆ ಕರೆಸಿದರು. 'ಸುನಾಮಿ' ಅಂತ ಬರೆಯೋದೋ 'ತ್ಸುನಾಮಿ' ಅಂತಲೋ ಅನ್ನುವುದೇ ಮೊದಲ ಚರ್ಚೆ. ಆ ಪದ ನಮ್ಮಲ್ಲಿ ಯಾರೂ ಬರೆದು ರೂಢಿ ಇರಲಿಲ್ಲ. ಒಬ್ಬರು ಸುಮ್ನೆ 'ರಾಕ್ಷಸ ಅಲೆ' ಅಂತ ಹಾಕಿ ಅಂದರು. ಅದರ ನಡುವೆ ಒಂದು ಫೋನ್ ಬಂತು. ನಮ್ಮ ಹಳೆ ಓದುಗರು, ನಿವೃತ್ತ ಮೇಷ್ಟ್ರು. "ಏನ್ ಸ್ವಾಮಿ, ವರ್ಷ ಮುಗಿಯೋಕೆ ಇನ್ನೂ ಐದು ದಿನ ಇದೆಯಲ್ಲ. ನಿಮಗೇನು ಅಷ್ಟು ಅವಸರ?" ಬೈದ ದನಿಯಲ್ಲ ಅದು. ಅದಕ್ಕೇ ಜಾಸ್ತಿ ನಾಟಿತು.

ಜನವರಿ 1ರ ಪತ್ರಿಕೆಯಲ್ಲಿ ಅರ್ಧ ಪುಟ ಕೇಳಿ ಪಡೆದು ಮತ್ತೆ ಬರೆದೆ. ಮುಂದಿನ ವರ್ಷದಿಂದ ಹಿನ್ನೋಟವನ್ನು ಪುರವಣಿಯಿಂದ ಕಿತ್ತು ಡಿಸೆಂಬರ್ 31ರ ರಾತ್ರಿಯ ಮುಖ್ಯ ಪುಟಗಳ ಜೊತೆ ಸೇರಿಸಿದೆವು. ಬಲಗಡೆ ಕೊನೆಯಲ್ಲಿ ಎರಡು ಕಾಲಂ ಖಾಲಿ ಬಿಟ್ಟುಕೊಂಡೇ ಪುಟ ಕಟ್ಟುತ್ತಿದ್ದೆ. ಯಾರೂ ಹೋಗದಿದ್ದರೆ ಹೊಸ ವರ್ಷದ ಶುಭಾಶಯದ ಒಂದು ಚಿತ್ರ ಹಾಕುವುದು. ಹೆಚ್ಚಿನ ವರ್ಷ ಚಿತ್ರ ಹಾಕುವ ಪ್ರಸಂಗ ಬರಲಿಲ್ಲ.

2004ರ ನೋಟ್‌ಬುಕ್ ಇನ್ನೂ ನನ್ನ ಹತ್ತಿರ ಇದೆ. ಡಿಸೆಂಬರ್ 26ರ ಸಾಲಿನಲ್ಲಿ ಸತ್ತವರ ಸಂಖ್ಯೆ ನಾಲ್ಕು ಸಲ ಅಳಿಸಿ ಬರೆದದ್ದು ಕಾಣುತ್ತೆ. ದೇಶದಲ್ಲಿ ಹತ್ತು ಸಾವಿರ ದಾಟಿತು, ಕಾಣೆಯಾದವರು ಬೇರೆ. ಅದು ಪೆನ್ಸಿಲ್‌ನಲ್ಲೇ ಇದೆ.