ಅಂಬಾಸಿಡರ್ ಎಂಜಿನ್ನಿನ ಹೆಡ್ ಫೇಸಿಂಗ್: ಕಂಪ್ರೆಷನ್ ಏರಿಸುವ ಮುಂಚಿನ ಲೆಕ್ಕ, ಆಮೇಲಿನ ಕೆಲಸ

1489 ಸಿಸಿಯ ಪೆಟ್ರೋಲ್ ಅಂಬಾಸಿಡರ್‌ನಲ್ಲಿರುವುದು ಬಿಎಂಸಿ ಬಿ-ಸೀರೀಸ್ ಎಂಜಿನ್. ಬೋರ್ (ಸಿಲಿಂಡರಿನ ವ್ಯಾಸ) 73.025 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಓಡುವ ದೂರ) 88.9 ಮಿ.ಮೀ., ಹೆಡ್ಡೂ ಬ್ಲಾಕೂ ಎರಡೂ ಬೀಡುಕಬ್ಬಿಣ. ಇಂದಿನ ಪೆಟ್ರೋಲಿನ ಆಕ್ಟೇನ್ (ತಾನಾಗಿ ಹೊತ್ತಿಕೊಳ್ಳದೆ ಒತ್ತಡ ತಾಳುವ ಗುಣ) ಹೆಚ್ಚಿರುವುದರಿಂದ ಇದರ ಕಂಪ್ರೆಷನ್, ಅಂದರೆ ಸಿಲಿಂಡರಿನಲ್ಲಿ ಮಿಶ್ರಣ ಎಷ್ಟು ಪಟ್ಟು ಒತ್ತಿಹೋಗುತ್ತದೆ ಎಂಬ ರೇಶಿಯೋ, ಸ್ವಲ್ಪ ಏರಿಸಬಹುದು. ಅದಕ್ಕಾಗಿ ಹೆಡ್‌ನ ಗ್ಯಾಸ್ಕೆಟ್ ಕೂರುವ ಮುಖವನ್ನು ತೆಳುವಾಗಿ ಕತ್ತರಿಸಿ ತೆಗೆಯುವುದೇ ಹೆಡ್ ಫೇಸಿಂಗ್. ಆದರೆ ಲೇತ್ ಅಂಗಡಿಗೆ ಹೆಡ್ ಒಯ್ದು 'ಒಂದು ಮಿ.ಮೀ. ಹೊಡೆದುಬಿಡಿ' ಅನ್ನಬೇಡಿ. ಚೇಂಬರ್ (ಹೆಡ್‌ನಲ್ಲಿ ಮಿಶ್ರಣ ಉರಿಯುವ ಕುಳಿ) ಎಷ್ಟು ಸಿಸಿ ಇಳಿಯಬೇಕೆಂದು ಗೊತ್ತಿಲ್ಲದೆ ಎಷ್ಟು ಮಿ.ಮೀ. ತೆಗೆಯಬೇಕೆಂದು ಹೇಳಲು ಬರುವುದಿಲ್ಲ, ಮತ್ತು ತೆಗೆದ ಲೋಹ ವಾಪಸ್ ಬರುವುದಿಲ್ಲ.

ಮೊದಲು ಹೆಡ್‌ಗೆ ಪ್ರೆಷರ್ ಟೆಸ್ಟ್ ಮಾಡಿಸಿ. ವಾಲ್ವ್ ಸೀಟುಗಳ ನಡುವೆ ಬಿರುಕಿದ್ದರೆ ಮುಂದಿನ ಖರ್ಚೆಲ್ಲ ವ್ಯರ್ಥ. ಆಮೇಲೆ ಸೀಟ್ ಕಟಿಂಗ್, ವಾಲ್ವ್ ಲ್ಯಾಪಿಂಗ್ (ವಾಲ್ವನ್ನು ಸೀಟಿಗೆ ತೇದು ಕೂರಿಸುವುದು) ಮುಗಿಸಿ. ಸೀಟ್ ಕತ್ತರಿಸಿದಷ್ಟೂ ವಾಲ್ವ್ ಒಳಕ್ಕೆ ಹೋಗಿ ಚೇಂಬರ್ ದೊಡ್ಡದಾಗುತ್ತದೆ. ಹಾಗಾಗಿ ಅಳತೆ ಇದಾದ ಮೇಲೇ. ಭಾರತದಲ್ಲಿ 2000ದಿಂದ ಸೀಸದ ಪೆಟ್ರೋಲ್ ಇಲ್ಲ; ಹಳೆಯ ಹೆಡ್‌ನ ಎಗ್ಜಾಸ್ಟ್ ಸೀಟುಗಳು ಸವೆದು ಟ್ಯಾಪೆಟ್ ಗ್ಯಾಪ್ (ವಾಲ್ವ್ ಒತ್ತುವ ತೋಳಾದ ರಾಕರಿಗೂ ವಾಲ್ವಿನ ತುದಿಗೂ ನಡುವಿನ ಸಂದು) ಪದೇ ಪದೇ ಮುಚ್ಚಿಕೊಳ್ಳುತ್ತಿದ್ದರೆ ಗಟ್ಟಿ ಸೀಟ್ ಇನ್ಸರ್ಟ್ ಹಾಕಿಸಲು ಇದೇ ಸಮಯ.

ಅಳತೆಗೆ ಬೇಕಾದ್ದು 100 ಎಂ.ಎಲ್. ಬ್ಯೂರೆಟ್, ನಡುವೆ ತೂತಿರುವ ಅಕ್ರಿಲಿಕ್ ಹಾಳೆ, ಗ್ರೀಸ್, ಬಣ್ಣ ಬೆರೆಸಿದ ಸೀಮೆಎಣ್ಣೆ. ವಾಲ್ವ್, ಪ್ಲಗ್ ಹಾಕಿ ಹೆಡ್ ಮಗುಚಿಟ್ಟು, ಚೇಂಬರ್ ಸುತ್ತ ಗ್ರೀಸ್ ಸವರಿ ಹಾಳೆ ಒತ್ತಿ, ಗುಳ್ಳೆ ಉಳಿಯದಂತೆ ತುಂಬಿ. ನಾಲ್ಕೂ ಚೇಂಬರ್ ಅಳೆಯಿರಿ. ಪಿಸ್ಟನ್ ಕಡೆಗೆ, ಟಿಡಿಸಿಯಿಂದ (ಪಿಸ್ಟನ್ ಏರುವ ಅತಿ ಮೇಲಿನ ಬಿಂದುವಿನಿಂದ) ಸರಿಯಾಗಿ 10 ಮಿ.ಮೀ. ಕೆಳಗಿಳಿಸಿ, ಅಂಚಿಗೆ ಗ್ರೀಸ್ ತುಂಬಿ, ಬ್ಲಾಕಿನ ಮೇಲೆ ಅದೇ ಹಾಳೆ ಇಟ್ಟು ತುಂಬಿ. ಬಂದ ಅಳತೆಯಿಂದ ಆ 10 ಮಿ.ಮೀ.ನ ಗಾತ್ರವಾದ 41.9 ಸಿಸಿ ಕಳೆದರೆ ಉಳಿಯುವುದು ಪಿಸ್ಟನ್ನಿನ ಗುಂಡಿ ಮತ್ತು ಅದರ ಮೇಲಿನ ಖಾಲಿ ಜಾಗ. ಗ್ಯಾಸ್ಕೆಟ್ಟಿಗೆ ಹಳೆಯ, ಒತ್ತಿಹೋದ ಗ್ಯಾಸ್ಕೆಟ್ಟಿನ ದಪ್ಪವನ್ನೇ ಲೆಕ್ಕಕ್ಕೆ ಹಿಡಿಯಿರಿ. ಹೊಸದರ ದಪ್ಪ ಮೋಸ ಮಾಡುತ್ತದೆ.

ಉದಾಹರಣೆಗೆ ಚೇಂಬರ್ 40, ಗ್ಯಾಸ್ಕೆಟ್ 3.5, ಪಿಸ್ಟನ್ ಕಡೆ 16.5 ಬಂತೆನ್ನೋಣ, ಒಟ್ಟು 60 ಸಿಸಿ. ಒಂದು ಸಿಲಿಂಡರಿನ ಸ್ಟ್ರೋಕ್ ಗಾತ್ರ 372.3 ಸಿಸಿ. 372.3ಕ್ಕೆ 60 ಕೂಡಿಸಿ 60ರಿಂದ ಭಾಗಿಸಿದರೆ 7.2. ಚೇಂಬರನ್ನು 36ಕ್ಕೆ ಇಳಿಸಿದರೆ ಒಟ್ಟು 56, ರೇಶಿಯೋ 7.65. ಈ 4 ಸಿಸಿಗೆ ಎಷ್ಟು ತೆಗೆಯಬೇಕು? ಹೆಡ್ಡನ್ನು ಸ್ಪಿರಿಟ್ ಲೆವೆಲ್ ಇಟ್ಟು ಸಮಮಾಡಿ, ಹಾಳೆ ಇಲ್ಲದೆ ಚೇಂಬರಿಗೆ ಸರಿಯಾಗಿ 36 ಸಿಸಿ ಸುರಿಯಿರಿ. ಹೆಡ್ ಮುಖದಿಂದ ಸೀಮೆಎಣ್ಣೆಯ ಮಟ್ಟದವರೆಗಿನ ಆಳವನ್ನು ಡೆಪ್ತ್ ಗೇಜಿನಲ್ಲಿ ನೋಡಿದರೆ ಅದೇ ತೆಗೆಯಬೇಕಾದ ದಪ್ಪ. ಚೇಂಬರ್ ಬಾಯಿ 32 ಚದರ ಸೆಂ.ಮೀ. ಇದ್ದರೆ ಅದು 1.25 ಮಿ.ಮೀ. ಆಗುತ್ತದೆ.

ಇದೇ ಲೆಕ್ಕದಲ್ಲಿ 8.3ಕ್ಕೆ ಹೋಗಲು 2.8 ಮಿ.ಮೀ. ಬೇಕು. ಅಷ್ಟು ತೆಗೆಯಲೇಬೇಡಿ. ನೀರಿನ ಜಾಕೆಟ್ ಮೇಲಿನ ಗೋಡೆ ತೆಳುವಾಗಿ ಹೆಡ್ ಬಾಗುತ್ತದೆ, ಗ್ಯಾಸ್ಕೆಟ್ ನಿಲ್ಲುವುದಿಲ್ಲ. ಅಷ್ಟು ಏರಿಕೆ ಬೇಕಿದ್ದರೆ ಗುಂಡಿ ಕಡಿಮೆ ಇರುವ ಪಿಸ್ಟನ್ ಹುಡುಕುವುದು ಸರಿಯಾದ ದಾರಿ. 7.2ರಿಂದ 7.65ಕ್ಕೆ ಏರಿದರೆ ಸಿದ್ಧಾಂತದ ಲೆಕ್ಕದಲ್ಲಿ ದಕ್ಷತೆ ಹೆಚ್ಚುವುದು ಸುಮಾರು ಶೇ. 2 ಮಾತ್ರ ಎಂಬುದೂ ಮನಸ್ಸಿನಲ್ಲಿರಲಿ.

ಮಷೀನಿಗೆ ಕೂರಿಸುವಾಗ ರಾಕರ್ ಕವರ್ ಕೂರುವ ಮೇಲ್ಮುಖವನ್ನು ನಂಬಬೇಡಿ. ಗ್ಯಾಸ್ಕೆಟ್ ಮುಖದ ಮೇಲೇ ಡಯಲ್ ಗೇಜ್ ಓಡಿಸಿ ನಾಲ್ಕೂ ಮೂಲೆ ಸಮ ತರಬೇಕು. ವಾಲಿಸಿ ಹೊಡೆದರೆ ಒಂದನೇ ಸಿಲಿಂಡರಿಗೂ ನಾಲ್ಕನೆಯದಕ್ಕೂ ರೇಶಿಯೋ ಬೇರೆಯಾಗಿ ಐಡಲ್ ಕೆಡುತ್ತದೆ. ಕೊನೆಯ ಪಾಸ್ 0.05 ಮಿ.ಮೀ. ಮೀರದಿರಲಿ. ಮುಗಿದ ಮೇಲೆ ಚೇಂಬರ್ ಅಂಚಿನ ಚೂಪನ್ನು ನಯವಾದ ಎಮರಿಯಿಂದ ಮುರಿಯಿರಿ. ಚೂಪು ಅಂಚು ಕೆಂಪಗೆ ಕಾದು ಸ್ಪಾರ್ಕಿಗೆ ಮುಂಚೆಯೇ ಮಿಶ್ರಣ ಹೊತ್ತಿಸುತ್ತದೆ. ಜಾಕೆಟ್ಟಿನಲ್ಲೂ ಆಯಿಲ್ ತೂತಿನಲ್ಲೂ ಕುಳಿತ ಚೂರನ್ನು ಒತ್ತಡದ ನೀರು, ಗಾಳಿ ಬಿಟ್ಟು ತೊಳೆಯಿರಿ. ಒಂದು ಚೂರು ಉಳಿದರೂ ರಾಕರ್ ಶಾಫ್ಟ್ ಹೋಯಿತು.

ಈಗ ಹಲವರು ಮರೆಯುವ ಭಾಗ. ಹೆಡ್ ಎಷ್ಟು ಇಳಿಯಿತೋ ಅಷ್ಟೇ ವಾಲ್ವೂ ಪಿಸ್ಟನ್ ಹತ್ತಿರ ಬಂದಿರುತ್ತದೆ. ಪಿಸ್ಟನ್ ಮೇಲೆ ಮಕ್ಕಳಾಡುವ ಜೇಡಿಯ ತುಣುಕಿಟ್ಟು, ಹಳೆ ಗ್ಯಾಸ್ಕೆಟ್ ಹಾಕಿ ಬಿಗಿದು, ಎಂಜಿನ್ನನ್ನು ಕೈಯಿಂದ ಎರಡು ಸುತ್ತು ತಿರುಗಿಸಿ, ಬಿಚ್ಚಿ ದಪ್ಪ ನೋಡಿ. ಇನ್‌ಲೆಟ್ಟಿಗೆ 1.5, ಎಗ್ಜಾಸ್ಟಿಗೆ 2 ಮಿ.ಮೀ. ಕಡಿಮೆಯಾಗಬಾರದು. ಇನ್ನು ಪುಶ್ ರಾಡ್ (ಕೆಳಗಿನಿಂದ ರಾಕರನ್ನು ಎತ್ತುವ ಕಡ್ಡಿ) ಅಷ್ಟೇ ಉದ್ದ ಹೆಚ್ಚಾದಂತಾಗುತ್ತದೆ. ಒಂದು ಮಿ.ಮೀ. ಒಳಗಾದರೆ ಟ್ಯಾಪೆಟ್ ಸ್ಕ್ರೂ ಸಾಮಾನ್ಯವಾಗಿ ಹೊಂದಿಸಿಕೊಳ್ಳುತ್ತದೆ. ಮೀರಿದರೆ ಗಿಡ್ಡ ಪುಶ್ ರಾಡ್ ಉತ್ತಮ. ರಾಕರ್ ಪೆಡೆಸ್ಟಲ್ (ರಾಕರ್ ಶಾಫ್ಟ್ ಹೊರುವ ಕಂಬ) ಅಡಿಗೆ ಶಿಮ್ (ತೆಳು ತಗಡು) ಹಾಕುವುದೂ ಉಂಟು, ಆದರೆ ರಾಕರ್ ವಾಲ್ವಿನ ತುದಿಯ ಮೇಲೆ ಕೂರುವ ಜಾಗ ಬದಲಾಗುತ್ತದೆ. ಹಾಕುವುದೇ ಆದರೆ ಎಣ್ಣೆ ಬರುವ ಪೆಡೆಸ್ಟಲ್‌ನ ಶಿಮ್‌ಗೆ ತೂತು ಇರಲೇಬೇಕು. ಹೆಡ್ ತೆಳುವಾದ್ದರಿಂದ ನಟ್ ಥ್ರೆಡ್ಡಿನ ಕೊನೆಗೆ ಹೋಗಿ ಸಿಕ್ಕಿಕೊಳ್ಳಬಹುದು. ಆಗ ಟಾರ್ಕ್ ರೆಂಚ್ ಸರಿ ಎಂದರೂ ಹೆಡ್ ಬಿಗಿಯಾಗಿರುವುದಿಲ್ಲ. ದಪ್ಪ ಗಟ್ಟಿ ವಾಷರ್ ಹಾಕಿ.

ನಡುವಿನಿಂದ ಹೊರಕ್ಕೆ, ಮೂರು ಹಂತದಲ್ಲಿ, ಮ್ಯಾನ್ಯುಯಲ್ ಹೇಳಿದ ಟಾರ್ಕಿಗೆ ಬಿಗಿಯಿರಿ. ಸುಮಾರು 500 ಕಿ.ಮೀ. ಓಡಿದ ಮೇಲೆ ಎಂಜಿನ್ ತಣ್ಣಗಿರುವಾಗ ಮತ್ತೆ ಬಿಗಿದು ಟ್ಯಾಪೆಟ್ ಹೊಂದಿಸಿ.

ಸ್ಪಾರ್ಕಿನ ಟೈಮಿಂಗನ್ನು ಮೊದಲಿದ್ದದ್ದಕ್ಕಿಂತ 2 ಡಿಗ್ರಿ ರಿಟಾರ್ಡ್ (ತಡ) ಇಟ್ಟು ಶುರುಮಾಡಿ. ಪೂರ್ತಿ ಕಾದ ಎಂಜಿನ್ನಿನಲ್ಲಿ, ಟಾಪ್ ಗೇರಿನಲ್ಲಿ, ಏರು ರಸ್ತೆಯಲ್ಲಿ ಆಕ್ಸಿಲರೇಟರ್ ಒತ್ತಿ ಕೇಳಿ. ಕಿಣಿಕಿಣಿ ಪಿಂಕಿಂಗ್ (ಮಿಶ್ರಣ ತಾನಾಗಿ ಸಿಡಿಯುವ ಸದ್ದು) ನಿಲ್ಲದಿದ್ದರೆ ಇನ್ನೂ ಹಿಂದಕ್ಕೆ ತನ್ನಿ. ಇ20 (ಶೇ. 20 ಎಥನಾಲ್ ಬೆರೆತ) ಪೆಟ್ರೋಲಿನ ಆಕ್ಟೇನ್ ಹೆಚ್ಚು, ಆದರೆ ಅದೇ ಜೆಟ್ಟಿನಲ್ಲಿ ಮಿಶ್ರಣ ಲೀನ್ (ಗಾಳಿಗೆ ಹೋಲಿಸಿದರೆ ಇಂಧನ ಕಡಿಮೆ) ಆಗುತ್ತದೆ. ಲೀನ್ ಮಿಶ್ರಣ, ಏರಿದ ಕಂಪ್ರೆಷನ್ ಸೇರಿದರೆ ಪ್ಲಗ್ ಬೆಳ್ಳಗಾಗಿ ಬಿಸಿ ಏರುತ್ತದೆ. ಕಾರ್ಬುರೇಟರ್ ಸ್ವಲ್ಪ ರಿಚ್ (ಇಂಧನ ಹೆಚ್ಚು) ಮಾಡಿ, ಪೆಟ್ರೋಲ್ ಪೈಪುಗಳನ್ನೂ ಬದಲಿಸಿ. ಈ ಹೆಡ್‌ನಲ್ಲಿ ಎರಡು, ಮೂರನೇ ಸಿಲಿಂಡರಿಗೆ ಒಂದೇ ಎಗ್ಜಾಸ್ಟ್ ಪೋರ್ಟ್ ಇರುವುದರಿಂದ ಬಿಸಿ ಅಲ್ಲೇ ಹೆಚ್ಚು. ಕಂಪ್ರೆಷನ್ ಗೇಜಿನಲ್ಲಿ ಆ ಎರಡೇ ಒಟ್ಟಿಗೆ ಕಡಿಮೆ ತೋರಿಸಿದರೆ ಅವುಗಳ ನಡುವೆ ಗ್ಯಾಸ್ಕೆಟ್ ಹಾರಿದೆ ಎಂದು ತಿಳಿದು, ಹೆಡ್ ಬಿಚ್ಚಿ ಸ್ಟ್ರೈಟ್ ಎಡ್ಜ್ ಇಟ್ಟು ಬ್ಲಾಕಿನ ಮುಖವನ್ನೂ ಪರೀಕ್ಷಿಸಿ.