ಇಂಡೆಂಟ್ ಬರೆದಂತೆ ಬೇಡಲು ಕಲಿತೆ: ನನ್ನ ಪ್ರಾರ್ಥನೆಯ ಅನುಭವ

ಪ್ರಾರ್ಥನೆಯಲ್ಲಿ ದೇವರನ್ನು ಏನೇನು ಕೇಳಿದೆ ಎಂದು ಒಂದು ಪುಸ್ತಕದಲ್ಲಿ ಬರೆದಿಡುತ್ತೇನೆ ಎಂದು ಮೊದಲ ಸಲ ಹೇಳಿದಾಗ ನಮ್ಮ ಚರ್ಚಿನ ಸಭೆಯ ಹಿರಿಯರೊಬ್ಬರು, “ದೇವರಿಗೂ ಚೆಕ್‌ರೋಲೇ?” ಎಂದರು. ಚೆಕ್‌ರೋಲ್ ಎಂದರೆ ತೋಟದ ಕೆಲಸಗಾರರ ಹಾಜರಿ ಪುಸ್ತಕ. ನನ್ನ ಬಾವ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, “ಇದು ಪ್ರಾರ್ಥನೆಯಲ್ಲ, ಬಾಕಿ ವಸೂಲಿ” ಎಂದುಬಿಟ್ಟರು. ಅದು 2019ರ ಮಾತು. ಈಗ ಆ ಹಿರಿಯರ ಮನೆಯಲ್ಲೂ ಅಂಥದೇ ಒಂದು ನೋಟ್‌ಬುಕ್ ಇದೆ. ಕೊಡಗಿನ ಸಿದ್ದಾಪುರದ ಅಂಗಡಿಯಿಂದ ನಾನೇ ತಂದುಕೊಟ್ಟೆ, ನಲವತ್ತು ರೂಪಾಯಿ. ಇಷ್ಟಾದ ಮೇಲೆ ಬರೆಯಬಹುದು ಎನ್ನಿಸಿದೆ.

ನಾನು ಸಿದ್ದಾಪುರದ ಕಡೆಯ ಕಾಫಿ ತೋಟವೊಂದರಲ್ಲಿ ಇಪ್ಪತ್ತೆರಡು ವರ್ಷಗಳಿಂದ ರೈಟರ್, ಎಂದರೆ ಲೆಕ್ಕ ಬರೆಯುವವನು. ಸ್ವಂತದ್ದು ಮೂರು ಎಕರೆ ರೊಬಸ್ಟಾ, ನಡುವೆ ಮೆಣಸು. ಓದುವವರು ಪ್ರಾರ್ಥನೆ ಮಾಡುವ ಅಭ್ಯಾಸ ಇರುವವರೆಂದೇ ತಿಳಿದು ಬರೆಯುತ್ತಿದ್ದೇನೆ. ಪ್ರಾರ್ಥನೆ ಎಂದರೇನು, ಏಕೆ ಮಾಡಬೇಕು ಎಂಬ ಉಪದೇಶ ನನ್ನಿಂದ ಆಗದು.

2018ರ ಆಗಸ್ಟ್ ಮಳೆ ಎಲ್ಲರಿಗೂ ನೆನಪಿದೆ. ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡವೇ ಕುಸಿದು ಮನೆಮಠ ಕಳೆದುಕೊಂಡವರ ಮುಂದೆ ನಮ್ಮದು ನಷ್ಟವೇ ಅಲ್ಲ. ಆದರೂ ಬುಡದಲ್ಲಿ ನೀರು ನಿಂತು ಸೊರಗು ರೋಗ ಬಂದು, ನಾನೂರು ಮೆಣಸಿನ ಬಳ್ಳಿಗಳಲ್ಲಿ ಮುನ್ನೂರರ ಹತ್ತಿರ ಒಣಗಿದವು. ರೋಗ ತಡೆಯುವ ಬೋರ್ಡೋ ದ್ರಾವಣ ಒಂದು ಸುತ್ತು ಹೊಡೆಸಿದ್ದೆ, ಎರಡನೆಯ ಸುತ್ತಿಗೆ ಮಳೆ ಬಿಡುವೇ ಕೊಡಲಿಲ್ಲ. ಕಾಫಿ ಕಾಯಿ ಉದುರಿತು. ಉಳಿದ ಕಾಯಿಗೆ ಐವತ್ತು ಕೆಜಿ ಚೆರಿ (ಸಿಪ್ಪೆಸಮೇತ ಒಣಗಿಸಿದ ಕಾಫಿ) ಮೂಟೆಗೆ ಮೂರು ಸಾವಿರದ ಮೇಲೆ ಚಿಲ್ಲರೆ ಸಿಕ್ಕಿತು. ಅದೇ ವರ್ಷ ಮಗಳು ನರ್ಸಿಂಗ್ ಕಾಲೇಜಿಗೆ ಸೇರಿದಳು. ಒಟ್ಟು ಕೈಸಾಲ ನಾಲ್ಕೂವರೆ ಲಕ್ಷಕ್ಕೆ ನಿಂತಿತು. ನೂರಕ್ಕೆ ತಿಂಗಳಿಗೆ ಎರಡು ರೂಪಾಯಿ ಬಡ್ಡಿ, ಎಂದರೆ ತಿಂಗಳು ಹುಟ್ಟಿದರೆ ಒಂಬತ್ತು ಸಾವಿರ.

ಆ ವರ್ಷವಿಡೀ ನಾನು ಪ್ರಾರ್ಥಿಸಿದೆ. ಹೇಗೆ ಪ್ರಾರ್ಥಿಸಿದೆ ಎನ್ನುವುದೇ ಇಲ್ಲಿ ಹೇಳಬೇಕಾದ ಮಾತು.

ಮೊದಲನೆಯದಾಗಿ, ನಾನು ಸಭೆಯಲ್ಲಿ ಚೆನ್ನಾಗಿ ಪ್ರಾರ್ಥಿಸುತ್ತೇನೆಂದು ಹೆಸರು ಪಡೆದವನು. ನಮ್ಮದು ಸ್ವಿಟ್ಜರ್ಲೆಂಡಿನಿಂದ ಬಂದ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಶನ್ ಕಾಲದಿಂದ ಬಂದ ಮನೆತನ. 1843ರಲ್ಲಿ ಮಂಗಳೂರಿನಲ್ಲಿ ‘ಮಂಗಳೂರ ಸಮಾಚಾರ’ ಪತ್ರಿಕೆ ಹೊರಡಿಸಿದ ಮೋಗ್ಲಿಂಗ್ ಅವರು ಮುಂದೆ ಕೊಡಗಿಗೆ ಬಂದು ಆನಂದಪುರದಲ್ಲಿ ಕೆಲಸ ಮಾಡಿದವರು. ನಮ್ಮ ಪ್ರಾರ್ಥನೆಯ ಕನ್ನಡಕ್ಕೆ ಇನ್ನೂ ಆ ಕಾಲದ ಗಾಂಭೀರ್ಯ ಇದೆ. ಅಜ್ಜನಿಂದ ಅಪ್ಪನಿಗೆ, ಅಪ್ಪನಿಂದ ನನಗೆ ಅದು ಬಾಯಿಪಾಠವಾಗಿ ಬಂತು. “ಸರ್ವಶಕ್ತನೂ ಕರುಣಾಳುವೂ ಆದ ದೇವರೇ” ಎಂದು ಶುರು ಮಾಡಿದರೆ ಇಪ್ಪತ್ತು ನಿಮಿಷ ನಿಲ್ಲದೆ ಹೋಗುತ್ತಿತ್ತು. ಸ್ತೋತ್ರ, ಲೋಕದ ಶಾಂತಿ, ಆಳುವವರು, ರೋಗಿಗಳು, ಎಲ್ಲ ಬರುತ್ತಿತ್ತು. ಕೊನೆಯಲ್ಲಿ “ನಮ್ಮ ಕೊರತೆಗಳನ್ನು ನೀಗಿಸು” ಎನ್ನುತ್ತಿದ್ದೆ. ಒಂಬತ್ತು ಸಾವಿರ ಎಂಬ ಮಾತು ಒಂದು ದಿನವೂ ಬಾಯಿಗೆ ಬರಲಿಲ್ಲ.

ಆಮೇಲೆ ಹರಕೆ. ಸಾಲ ತೀರಿದರೆ ಸಭೆಗೆ ಕೀಬೋರ್ಡ್ ಕೊಡಿಸುತ್ತೇನೆ ಎಂದೆ. ದೇವರ ಜೊತೆ ವ್ಯಾಪಾರ ಮಾಡುತ್ತಿದ್ದೇನೆ ಎಂದು ಅರಿವಾದದ್ದು, ಕೀಬೋರ್ಡಿನ ಬೆಲೆ ವಿಚಾರಿಸಿ ಕಡಿಮೆಯದು ಸಿಗುತ್ತದೆಯೇ ಎಂದು ಹುಡುಕಲು ಹೊರಟ ದಿನ.

ಉಪವಾಸ ಪ್ರಾರ್ಥನೆ, ಬೇರೆ ಊರಿನ ಎರಡು ಮಹಾಸಭೆಗಳು, ಬಸ್ಸು, ವಸತಿ, ಕಾಣಿಕೆ, ಅಭಿಷೇಕದ ಎಣ್ಣೆಯ ಸಣ್ಣ ಬಾಟಲಿಗಳು. ಎಲ್ಲ ಸೇರಿ ನಲವತ್ತು ಸಾವಿರದ ಆಸುಪಾಸು ಹೋಯಿತು. ಸಾಲದ ಮೇಲೆ ಸಾಲ. ಅಲ್ಲಿ ಪ್ರಾರ್ಥಿಸಿದವರ ಭಕ್ತಿಯನ್ನು ನಾನು ಅನುಮಾನಿಸುವುದಿಲ್ಲ. ನನ್ನ ಪರವಾಗಿ ಬೇರೆಯವರು ಕೇಳಲಿ, ನಾನು ಬಾಯಿ ಬಿಡುವುದು ತಪ್ಪಲಿ ಎಂದು ಹೋಗಿದ್ದೆ, ತಪ್ಪು ಅಲ್ಲಿತ್ತು. ಇದಾದ ಮೇಲೆ ಇಪ್ಪತ್ತೊಂದು ದಿನ ರಾತ್ರಿ ಒಂದು ಗಂಟೆಯವರೆಗೆ ಮೊಣಕಾಲೂರಿದೆ. ನಿದ್ದೆಗಣ್ಣಿನಲ್ಲಿ ಚೆಕ್‌ರೋಲಿನಲ್ಲಿ ಹಾಜರಿ ತಪ್ಪಿಸಿ, ಕೂಲಿಯ ವ್ಯತ್ಯಾಸ ಸುಮಾರು ಎರಡು ಸಾವಿರ ಕೈಯಿಂದ ಕಟ್ಟಿಕೊಟ್ಟೆ.

ದಾರಿ ಕಂಡದ್ದು 2019ರ ಮೇ ತಿಂಗಳಲ್ಲಿ, ಆಫೀಸಿನ ಮೇಜಿನ ಮುಂದೆ. ಮಳೆಗೆ ಮುಂಚಿನ ಬೋರ್ಡೋ ಸಾಮಾನಿಗೆ ತೋಟದ ಸಾಹುಕಾರರಿಗೆ ಇಂಡೆಂಟ್, ಎಂದರೆ ಬೇಕಾದ ಸಾಮಾನಿನ ಬೇಡಿಕೆ ಚೀಟಿ, ಬರೆಯುತ್ತಿದ್ದೆ. ಮೈಲುತುತ್ತು 50 ಕೆಜಿ, ಸುಣ್ಣ 50 ಕೆಜಿ, 25 ಬ್ಯಾರಲ್‌ಗೆ, ಮೇ 25ರೊಳಗೆ ತೋಟಕ್ಕೆ ತಲುಪಬೇಕು. ನಾಲ್ಕು ಸಾಲು, ಕೆಳಗೆ ಸಹಿ. ಬರೆದು ಮುಗಿಸಿ ಪೆನ್ನು ಇಟ್ಟೆ, ಅಷ್ಟರಲ್ಲಿ ಕೈ ತಣ್ಣಗಾಯಿತು. ಸಾಹುಕಾರರಿಗೆ ‘ನೀವು’ ಎಂದು ತಗ್ಗಿ ಮಾತನಾಡುವ ನಾನು, ಬೇಕಾದದ್ದನ್ನು ಹೀಗೆ ಕೆಜಿ ಲೆಕ್ಕದಲ್ಲಿ ಕೇಳುತ್ತೇನೆ. ಹೆತ್ತ ತಾಯಿಯನ್ನು ಕರೆದಂತೆ ‘ನೀನು’ ಎಂದು ಕರೆಯುವ ದೇವರ ಹತ್ತಿರ ಮಾತ್ರ ಒಂದು ವರ್ಷದಿಂದ ಭಾಷಣ ಮಾಡಿದ್ದೇನೆ.

ಮರುದಿನ ಬೆಳಿಗ್ಗೆ ಐದೂಕಾಲಕ್ಕೆ ಕಣಕ್ಕೆ ಹೋದೆ. ಕೊಯ್ಲು ಮುಗಿದು ಕಣ ಖಾಲಿ ಇತ್ತು. ಸಿಮೆಂಟ್ ನೆಲದ ಬಿರುಕಿನಲ್ಲಿ ಹಳೆಯ ಕಾಫಿ ಸಿಪ್ಪೆ, ರಾತ್ರಿಯ ಹನಿಗೆ ನೆನೆದು ಹುಳಿ ವಾಸನೆ. ನಿಂತುಕೊಂಡೇ ಗಟ್ಟಿಯಾಗಿ ಹೇಳಿದೆ: “ಕರ್ತನೇ, ಶುಕ್ರವಾರದೊಳಗೆ ನನಗೆ ಹನ್ನೆರಡು ಸಾವಿರ ರೂಪಾಯಿ ಬೇಕು. ಒಂಬತ್ತು ಬಡ್ಡಿಗೆ, ಮೂರು ಹಾಸ್ಟೆಲಿಗೆ. ನನ್ನ ಹತ್ತಿರ ಇಲ್ಲ. ಸಹಾಯ ಮಾಡು.” ಇಷ್ಟೇ. ‘ನನ್ನ ಹತ್ತಿರ ಇಲ್ಲ’ ಎನ್ನುವಾಗ ಗಂಟಲು ಕಟ್ಟಿತು. ಹೆಂಡತಿಗೂ ಆ ಮಾತನ್ನು ಅಷ್ಟು ನೇರವಾಗಿ ಹೇಳಿರಲಿಲ್ಲ. ಕಣದ ಅಂಚಿನಲ್ಲಿ ಕುಳಿತು ಅತ್ತೆ.

ಹಣ ಆಕಾಶದಿಂದ ಬೀಳಲಿಲ್ಲ. ಮಂಗಳವಾರ ಕೇಳಿದ್ದು. ಬುಧವಾರ ಸಂಜೆ, ಪಕ್ಕದ ತೋಟದ ಒಬ್ಬ ಹಿರಿಯ ಕೊಡವರು ಎರಡು ವರ್ಷದ ಹಿಂದೆ “ಏನಾದರೂ ಬೇಕಾದರೆ ಹೇಳಿ” ಎಂದಿದ್ದು ನೆನಪಾಯಿತು. ಹೋಗಿ ಕೇಳಿದೆ. ಎಂಟು ಸಾವಿರ ಎಣಿಸಿ ಕೊಟ್ಟರು, ಬಡ್ಡಿ ಬೇಡ ಎಂದರು. ಕೊಟ್ಟಿಗೆಯಲ್ಲಿ ಬಿದ್ದಿದ್ದ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಹಳೆಯ ಪಲ್ಪರ್ ಯಂತ್ರದ ಮೋಟಾರು ಮಾರಿ ನಾಲ್ಕು ಸಾವಿರ. ಶುಕ್ರವಾರ ಮಧ್ಯಾಹ್ನಕ್ಕೆ ಹನ್ನೆರಡು ಸಾವಿರ ಆಯಿತು.

ಇದನ್ನು ಹೇಳಿದಾಗಲೇ ಬಾವ, “ನೀನೇ ಹೋಗಿ ಕೇಳಿದೆ, ನೀನೇ ಮಾರಿದೆ, ಇದರಲ್ಲಿ ದೇವರು ಎಲ್ಲಿ?” ಎಂದದ್ದು. ನನ್ನ ಉತ್ತರ ಅಂದು ಇದ್ದದ್ದೇ ಇಂದೂ ಇದೆ. ನಮ್ಮ ಮನೆಯಲ್ಲಿ ಮೂರು ತಲೆಮಾರು ನೆರೆಮನೆಯ ಅಂಗಳಕ್ಕೆ ಹೋಗಿ ಕೈ ಚಾಚಿದವರಿಲ್ಲ. ಕೈಸಾಲವನ್ನು ಬಡ್ಡಿ ಕೊಟ್ಟು ತರುತ್ತಿದ್ದೆವು, ಅದು ನಮಗೆ ಮರ್ಯಾದೆ. ಆ ಬುಧವಾರ ನನ್ನ ಬಾಯಿ ಬಿಡಿಸಿದವರು ಯಾರು? ದೇವರ ಮುಂದೆ ಒಮ್ಮೆ ‘ಇಲ್ಲ’ ಎಂದು ಹೇಳಿದವನಿಗೆ ಮನುಷ್ಯನ ಮುಂದೆ ಹೇಳುವುದು ಅಷ್ಟು ಕಷ್ಟವಾಗಲಿಲ್ಲ.

ಆಮೇಲೆ ಸುವಾರ್ತೆಗಳನ್ನು ಹೊಸದಾಗಿ ಓದಿದೆ. ಯೆರಿಕೋವಿನ ದಾರಿಯ ಕುರುಡ ಬಾರ್ತಿಮಾಯ ಕೂಗುತ್ತಿದ್ದಾಗ ಅವನಿಗೆ ಏನು ಬೇಕೆಂದು ನೋಡಿದವರಿಗೆಲ್ಲ ಗೊತ್ತಿತ್ತು. ಆದರೂ ಯೇಸು, ನಾನು ನಿನಗೆ ಏನು ಮಾಡಬೇಕು ಎಂದು ಕೇಳಿದನು, ಬಾಯಿಂದ ಹೇಳಿಸಿದನು. ನೀರಿನಲ್ಲಿ ಮುಳುಗುವಾಗ ಶಿಷ್ಯ ಪೇತ್ರ ಮಾಡಿದ ಪ್ರಾರ್ಥನೆ ಮೂರೇ ಪದ. ಲೂಕನ ಹನ್ನೊಂದನೆಯ ಅಧ್ಯಾಯದಲ್ಲಿ ನಡುರಾತ್ರಿ ಗೆಳೆಯನ ಬಾಗಿಲು ತಟ್ಟುವವನು ಕೇಳುವುದು ಬರೀ ರೊಟ್ಟಿಯಲ್ಲ, ‘ಮೂರು ರೊಟ್ಟಿ’. ಅವನ ಹಟಕ್ಕೆ ಮೂಲ ಗ್ರೀಕಿನಲ್ಲಿರುವ ಪದದ ನೇರ ಅರ್ಥ ನಾಚಿಕೆ ಬಿಡುವುದು ಎಂದು ನಮ್ಮ ಸಭೆಯ ಪಾದ್ರಿ ಅಯ್ಯನವರು ಹೇಳಿದಾಗ ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಇನ್ನೊಂದು ತಿದ್ದುಪಡಿ ‘ನಿನ್ನ ಚಿತ್ತವಿದ್ದರೆ’ ಎಂಬುದಕ್ಕೆ ಸಂಬಂಧಿಸಿದ್ದು. ನಾನು ಅದನ್ನು ಎಲ್ಲಕ್ಕೂ ಮೊದಲೇ ಹೇಳಿಬಿಡುತ್ತಿದ್ದೆ, ಸಿಗದಿದ್ದರೆ ಅವಮಾನವಾಗದಿರಲಿ ಎಂದು. ಮತ್ತಾಯ, ಮಾರ್ಕರ ಸುವಾರ್ತೆಗಳ ಪ್ರಕಾರ, ಸೆರೆಯಾಗುವ ಮುನ್ನ ಗೆತ್ಸೇಮನೆಯಲ್ಲಿ ಯೇಸು ಮೊದಲು ಕೇಳಿದ್ದು ಈ ಪಾತ್ರೆ, ಎಂದರೆ ಬರಲಿರುವ ಸಂಕಟ, ನನ್ನಿಂದ ತೊಲಗಲಿ ಎಂದು. ತಂದೆಯ ಚಿತ್ತದ ಮಾತು ಆಮೇಲೆ ಬಂತು. ಆ ಕ್ರಮವನ್ನು ನಾನು ಈಗ ತಪ್ಪಿಸುವುದಿಲ್ಲ. ಪೂರ್ತಿ ಕೇಳುತ್ತೇನೆ, ಉಸಿರು ಬಿಡುತ್ತೇನೆ, ಆಮೇಲೆ ಒಪ್ಪಿಸುತ್ತೇನೆ.

ಪುಸ್ತಕ ಹೀಗಿದೆ: ಹಳೆಯ ಚೆಕ್‌ರೋಲಿನಲ್ಲಿ ಉಳಿದ ಹಾಳೆಗಳು, ನಾಲ್ಕು ಕಾಲಂ. ದಿನಾಂಕ, ಬೇಡಿಕೆ, ಏನಾಯಿತು. ನಾಲ್ಕನೆಯ ಕಾಲಂನಲ್ಲಿ ಏನು ಬರೆಯುತ್ತೇನೆಂದು ನಾನು ಯಾರಿಗೂ ಹೇಳಿಲ್ಲ, ಇಲ್ಲಿಯೂ ಹೇಳುವುದಿಲ್ಲ. ಅದಿಲ್ಲದಿದ್ದರೆ ಪುಸ್ತಕ ಆರು ತಿಂಗಳಲ್ಲಿ ಮೂಲೆ ಸೇರುತ್ತಿತ್ತು ಎಂದಷ್ಟೇ ಹೇಳಬಲ್ಲೆ. ಬೇಡಿಕೆ ಒಂದೇ ಸಾಲಿನಲ್ಲಿರಬೇಕು, ಮನೆಮಾತಿನಲ್ಲಿರಬೇಕು. ಒಂದು ಸಾಲಿಗೆ ಹಿಡಿಯದಿದ್ದರೆ ನನಗೇ ಏನು ಬೇಕೆಂದು ತಿಳಿದಿಲ್ಲ ಎಂದರ್ಥ. ಆ ದಿನ ಅದನ್ನೇ ಕೇಳುತ್ತೇನೆ. ಈ ಆರು ವರ್ಷದಲ್ಲಿ ಇನ್ನೂರ ಮೂವತ್ತು ಸಾಲು ಆಗಿರಬಹುದು. ಸಿಕ್ಕಿದ್ದು ತೊಂಬತ್ತರ ಸುಮಾರು, ಇಲ್ಲ ಎಂದಾದದ್ದು ನಲವತ್ತು. ಉಳಿದವು ಕಾಯುತ್ತಿವೆ. 

ನಡುವೆ ಬೇರೆ ಪ್ರಯೋಗಗಳನ್ನೂ ಮಾಡಿದೆ. ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಸಾವಿರಾರು ಅನಾಥ ಮಕ್ಕಳನ್ನು ಸಾಕಿದ ಜಾರ್ಜ್ ಮುಲ್ಲರ್ ಮನುಷ್ಯರ ಹತ್ತಿರ ಹಣ ಕೇಳದೆ ದೇವರನ್ನು ಮಾತ್ರ ಕೇಳಿದರು, ಕೇಳಿದ್ದನ್ನೂ ಸಿಕ್ಕಿದ್ದನ್ನೂ ಬರೆದಿಟ್ಟರು. ಅದನ್ನು ಎರಡು ತಿಂಗಳು ಮಾಡಿ ನೋಡಿದೆ. ನನ್ನ ಮಟ್ಟಿಗೆ ಅದು ಹಳೆಯ ಬಿಗುಮಾನವನ್ನೇ ಮತ್ತೆ ಒಳಗೆ ತಂದಿತು, ಬಿಟ್ಟೆ. ವಿರಾಜಪೇಟೆಯ ಕಥೋಲಿಕ ಗೆಳೆಯರೊಬ್ಬರು ಎಪ್ಪತ್ತನೆಯ ಕೀರ್ತನೆಯ ಮೊದಲ ವಚನವನ್ನು ನಡೆಯುವಾಗ ಹೇಳಿಕೊಳ್ಳಲು ಕಲಿಸಿದರು: ದೇವರೇ, ನನ್ನ ಸಹಾಯಕ್ಕೆ ಬೇಗ ಬಾ. ಐದನೆಯ ಶತಮಾನದ ಕ್ಯಾಸಿಯನ್ ಎಂಬ ಸನ್ಯಾಸಿ ಇದನ್ನೇ ದಿನವಿಡೀ ಹೇಳಿಕೊಳ್ಳಲು ಬೋಧಿಸಿದನಂತೆ. ಇದು ಬಹಳ ಚೆನ್ನಾಗಿ ಹಿಡಿಯಿತು. ಆನೆ ತೋಟಕ್ಕೆ ಇಳಿದಿದೆ ಎಂದು ಸುದ್ದಿ ಬಂದ ಬೆಳಿಗ್ಗೆ ಕೆಲಸದವರನ್ನು ಕರೆದುಕೊಂಡು ಹೋಗುವಾಗ ಇದಕ್ಕಿಂತ ಉದ್ದದ ಪ್ರಾರ್ಥನೆ ಬಾಯಿಗೆ ಬರುವುದೂ ಇಲ್ಲ. ಕಾಫಿ ಹೂ ಅರಳಲು ಬೇಕಾದ ಹೂಮಳೆಗೂ ದಿನಾಂಕ ಹಾಕಿ ಒಂದು ಇಂಚು ಕೇಳಿ ನೋಡಿದೆ. ಒಂದು ವರ್ಷ ಒಂಬತ್ತು ದಿನ ತಡವಾಗಿ ಬಂತು, ಇನ್ನೊಂದು ವರ್ಷ ಕಾದು ಕಾದು ಸ್ಪ್ರಿಂಕ್ಲರ್ ಹಾಕಿಸಿದೆವು, ಡೀಸೆಲ್ಲಿಗೆ ಹದಿನೈದು ಸಾವಿರ. ಮಳೆಯನ್ನು ಈಗಲೂ ಕೇಳುತ್ತೇನೆ, ದಿನಾಂಕ ಹಾಕುವುದಿಲ್ಲ.

ನಲವತ್ತು ‘ಇಲ್ಲ’ಗಳಲ್ಲಿ ಒಂದನ್ನು ಹೇಳಲೇಬೇಕು. 2021ರ ಮೇ ತಿಂಗಳಲ್ಲಿ ನನ್ನ ಅಕ್ಕ ಕೊರೋನಾದಿಂದ ಮಡಿಕೇರಿಯ ಆಸ್ಪತ್ರೆಯಲ್ಲಿದ್ದಳು. ಒಂದೇ ಸಾಲು: ಅಕ್ಕ ಮನೆಗೆ ಬರಬೇಕು. ಹನ್ನೊಂದು ದಿನ ಕೇಳಿದೆ, ಕಣದಲ್ಲಿ ನಿಂತು ಕೂಗಿ ಕೇಳಿದೆ. ಹನ್ನೆರಡನೆಯ ದಿನ ಫೋನ್ ಬಂತು. ಮೂರನೆಯ ಕಾಲಂನಲ್ಲಿ ‘ಇಲ್ಲ’ ಎಂದು ಬರೆಯಲು ನಾಲ್ಕು ತಿಂಗಳು ಹಿಡಿಯಿತು. ಅಷ್ಟು ದಿನ ಏನನ್ನೂ ಕೇಳಲಿಲ್ಲ. ಅಯ್ಯನವರು ಸಮಾಧಾನ ಹೇಳಲು ಬರಲಿಲ್ಲ. ಕತ್ತಲೆಯಲ್ಲೇ ಮುಗಿಯುವ ಎಂಬತ್ತೆಂಟನೆಯ ಕೀರ್ತನೆಯನ್ನು ನನ್ನ ಪಕ್ಕ ಕುಳಿತು ಓದಿ ಹೋದರು. ಅದರಲ್ಲಿ ದೂರು ಇದೆ, ಉತ್ತರ ಇಲ್ಲ. ಆದರೂ ದೂರು ಹೇಳಿದ್ದು ದೇವರ ಹತ್ತಿರವೇ. ಸೆಪ್ಟೆಂಬರಿನಲ್ಲಿ ಮತ್ತೆ ಪುಸ್ತಕ ತೆರೆದೆ. ಮೊದಲ ಸಾಲು: ನಿನ್ನನ್ನು ಕೇಳಲು ಮನಸ್ಸು ಕೊಡು. ಆ ಸಾಲಿನ ಮುಂದೆ ಏನನ್ನೂ ಬರೆದಿಲ್ಲ. ಮರುದಿನ ಎರಡನೆಯ ಸಾಲು ಬರೆದಿದ್ದೇನೆ.

ಸಾಲ ತೀರಿತೇ ಎಂದು ಎಲ್ಲರೂ ಕೇಳುತ್ತಾರೆ. ತೀರಿತು, 2024ರಲ್ಲಿ. ರೊಬಸ್ಟಾ ಬೆಲೆ ಆ ವರ್ಷ ಹಿಂದೆಂದೂ ಕಾಣದಷ್ಟು ಏರಿತು, ಮೂಟೆಗೆ ಹತ್ತು ಸಾವಿರದ ಹತ್ತಿರ ಹೋಯಿತು. ಅದನ್ನು ನಾನು ಉತ್ತರದ ಕಾಲಂನಲ್ಲಿ ಬರೆದಿಲ್ಲ. ಬೆಲೆ ಏರಿದ್ದು ಪ್ರಾರ್ಥಿಸಿದವರಿಗೂ ಏರಿತು, ಪ್ರಾರ್ಥಿಸದವರಿಗೂ ಏರಿತು, ವಿಯೆಟ್ನಾಮಿನ ರೈತರ ಬೆಳೆ ಒಣಗಿದ್ದಕ್ಕೂ ಏರಿತು. ಅವರ ಬರಗಾಲವನ್ನು ನನ್ನ ಪ್ರಾರ್ಥನೆಯ ಫಲ ಎಂದು ಬರೆಯಲು ಕೈ ಬರಲಿಲ್ಲ. ಬೆಲೆ ಏರುವವರೆಗಿನ ಐದು ವರ್ಷ ಒಂದು ತಿಂಗಳ ಬಡ್ಡಿಯೂ ತಪ್ಪಲಿಲ್ಲ, ತೋಟ ಮಾರಲಿಲ್ಲ, ಮಗಳ ಓದು ನಿಲ್ಲಲಿಲ್ಲ. ಅವು ಒಂದೊಂದೂ ಬೇರೆ ಬೇರೆ ಸಾಲಿನಲ್ಲಿ ಇವೆ.

ಕಳೆದ ನವೆಂಬರಿನಲ್ಲಿ, ಚೆಕ್‌ರೋಲೇ ಎಂದು ಕೇಳಿದ್ದ ಹಿರಿಯರು ಸಂಜೆ ನಮ್ಮ ಮನೆಗೆ ಬಂದರು. ಪ್ರಾರ್ಥಿಸೋಣ ಎಂದರು. ಸರ್ವಶಕ್ತನಾದ ದೇವರೇ ಎಂದು ಶುರು ಮಾಡಿ ಅರ್ಧಕ್ಕೆ ನಿಂತರು. ನಾನು, “ಅಣ್ಣ, ಏನು ಬೇಕು?” ಎಂದೆ. ತುಂಬಾ ಹೊತ್ತು ಟವೆಲನ್ನು ಮಡಿಸಿದರು, ಬಿಚ್ಚಿದರು. ಮಗ ಜಗಳವಾಡಿ ಬೆಂಗಳೂರಿಗೆ ಹೋಗಿ ನಾಲ್ಕು ವರ್ಷ ಆಗಿತ್ತು. “ಅವನು ಒಂದು ಫೋನ್ ಮಾಡಬೇಕು” ಎಂದರು. ಕ್ರಿಸ್‌ಮಸ್‌ನೊಳಗೆ ಎಂದು ಸೇರಿಸೋಣವೇ ಎಂದು ಕೇಳಿದೆ. ಬೇಡ ಎಂದರು. ಹಾಗೆಯೇ ಬರೆದೆ.

ಮರುವಾರ ಅವರಿಗೆ ಬೇರೆ ನೋಟ್‌ಬುಕ್ ತಂದುಕೊಟ್ಟೆ. ಆ ಸಾಲು ಈಗ ಎರಡು ಕಡೆ ಇದೆ, ಎರಡೂ ಕಡೆ ಮುಂದಿನ ಕಾಲಂ ಖಾಲಿ ಇದೆ. ಬೆಳಿಗ್ಗೆ ಐದೂಕಾಲಕ್ಕೆ ಅವರು ತಮ್ಮ ಅಡುಗೆಮನೆಯಲ್ಲಿ ಕೇಳುತ್ತಾರೆ, ನಾನು ಕಣದಲ್ಲಿ ಕೇಳುತ್ತೇನೆ.